ಎರಡು ಬಾಟಲಿ, ಏಳು ರಾತ್ರಿ

ಹಿಂದಿನ ದಿನ, ಕೊಲಾರೆಸ್

ಪೋರ್ಚುಗಲ್‌ನ ಲಿಸ್ಬನ್‌ನಿಂದ ಏಳು ರಾತ್ರಿಯ ಪ್ರಯಾಣಕ್ಕೆ ಹಡಗು ಹತ್ತುವ ಹಿಂದಿನ ದಿನ ನಾನೂ ಅಕ್ಕನೂ ಆ ನಗರದ ಬೀದಿಗಳನ್ನು ಸುತ್ತಲಿಲ್ಲ. ಬೆಳಿಗ್ಗೆಯೇ ಸಿಂತ್ರಾವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಕಡಲಂಚಿನ ಕೊಲಾರೆಸ್‌ಗೆ ಹೋದೆವು. ದಾರಿಯಲ್ಲಿ ಸಿಂತ್ರಾದ ಅರಮನೆಗಳ ಗೋಪುರಗಳು ಕಂಡರೂ ಇಳಿಯಲಿಲ್ಲ. ಹೋದದ್ದು ಒಂದು ಬಾಟಲಿ ವೈನ್ ತರುವುದಕ್ಕೆ.

ಅಕ್ಕನಿಗೆ ಆ ವಾರ ಅರವತ್ತು ತುಂಬುವುದಿತ್ತು. ಹುಟ್ಟಿದ ದಿನ ಬರುವುದು ಪ್ರಯಾಣದ ಎರಡನೆಯ ದಿನ, ಸುತ್ತಲೂ ನೀರಲ್ಲದೆ ಬೇರೇನೂ ಕಾಣದ ಅಟ್ಲಾಂಟಿಕ್ ಸಾಗರದ ನಡುವೆ. ಆ ರಾತ್ರಿಯ ಊಟಕ್ಕೆ ಹಡಗಿನ ಪಟ್ಟಿಯಿಂದ ಬೆರಳಿಟ್ಟು ಆರಿಸಿದ ವೈನ್ ಬೇಡ, ನಾವೇ ಹೋಗಿ, ತೋಟ ನೋಡಿ, ಹೊತ್ತು ತಂದದ್ದೇ ಬೇಕು ಎಂದು ನಾನು ಹಟ ಹಿಡಿದಿದ್ದೆ.

ಇದಕ್ಕಾಗಿ ಟಿಕೆಟ್ ಕೊಂಡ ದಿನವೇ ಹಡಗಿನ ನಿಯಮಗಳನ್ನು ಓದಿಕೊಂಡಿದ್ದೆ. ವಯಸ್ಕರೊಬ್ಬರಿಗೆ 750 ಮಿಲಿಲೀಟರ್ ಮೀರದ ಒಂದು ಬಾಟಲಿ ವೈನ್ ಅಥವಾ ಶಾಂಪೇನ್, ಅದೂ ಹತ್ತುವ ದಿನ ಮಾತ್ರ. ಮುಚ್ಚಳ ಒಡೆದಿರಬಾರದು. ಬಾಟಲಿ ಕೈಚೀಲದಲ್ಲೇ ಇರಬೇಕು, ಸಾಮಾನಿಗೆ ಹಾಕುವ ಸೂಟ್‌ಕೇಸ್‌ನಲ್ಲಿ ಇರಕೂಡದು. ಬಿಯರ್, ವಿಸ್ಕಿ, ರಮ್ ಯಾವುದಕ್ಕೂ ಅವಕಾಶವಿಲ್ಲ, ರಟ್ಟಿನ ಪೆಟ್ಟಿಗೆಯ ವೈನಿಗೂ ಇಲ್ಲ. ಕ್ಯಾಬಿನ್‌ನಲ್ಲಿ ಕುಡಿದರೆ ಶುಲ್ಕವಿಲ್ಲ. ಊಟದ ಸಭಾಂಗಣದಲ್ಲಿ ತೆರೆಸಿದರೆ ಕಾರ್ಕೇಜ್ ಎಂಬ ಶುಲ್ಕ ಕಟ್ಟಬೇಕು. ದಾರಿಯ ಬಂದರುಗಳಲ್ಲಿ ಕೊಂಡ ಮದ್ಯವನ್ನು ಹಡಗಿನವರೇ ತೆಗೆದಿರಿಸಿಕೊಂಡು ಕೊನೆಯ ಸಂಜೆ ಮರಳಿಸುತ್ತಾರೆ. ಇದು ನಮ್ಮ ಹಡಗಿನ ನಿಯಮ. ಒಂದೊಂದು ಕಂಪನಿಯದೂ ಒಂದೊಂದು ರೀತಿ. ಕೆಲವರು ಎಲ್ಲಿ ಕುಡಿದರೂ ಶುಲ್ಕ ಹಾಕುತ್ತಾರೆ. ನಿಯಮ ನಡುವೆ ಬದಲಾಗುವುದೂ ಉಂಟು. ಆದ್ದರಿಂದ ಹೊರಡುವ ವಾರ ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು, ನಾನು ಓದಿದೆ.

ಹಣ ಉಳಿಸಲೆಂದು ವೈನ್ ಒಯ್ಯುವವರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಬ್ಬರಿಗೆ ಎರಡೇ ಬಾಟಲಿ ಎಂದ ಮೇಲೆ, ಹಡಗಿನ ದಾಸ್ತಾನಿನಲ್ಲೂ ಸಿಗುವ ವೈನನ್ನೇ ಹೊತ್ತುಕೊಂಡು ಹೋದರೆ ಸಿಕ್ಕ ಅವಕಾಶವನ್ನು ಕೈಯಾರೆ ಚೆಲ್ಲಿದಂತೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೊಲಾರೆಸ್ ಆರಿಸಿದ್ದು ಅದಕ್ಕೇ. 19ನೇ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಯೂರೋಪಿನ ದ್ರಾಕ್ಷಿ ಬಳ್ಳಿಗಳ ಬೇರು ಹೀರಿ ತೋಟಕ್ಕೆ ತೋಟವನ್ನೇ ಒಣಗಿಸಿತು. ಅಮೆರಿಕದ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟಿದ ಮೇಲೆಯೇ ತೋಟಗಳು ಮತ್ತೆ ಚಿಗುರಿದ್ದು. ಆದರೆ ಕೊಲಾರೆಸ್‌ನ ಕಡಲ ಮರಳಿನಲ್ಲಿ ಆ ಕೀಟಕ್ಕೆ ದಾರಿ ಸಿಗಲಿಲ್ಲ. ಅಲ್ಲಿನ ರಮಿಸ್ಕೊ ಎಂಬ ತಳಿಯ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿವೆ. ನಿಂತಿವೆ ಎನ್ನುವುದಕ್ಕಿಂತ ಮಲಗಿವೆ ಎನ್ನಬೇಕು. ಕಡಲ ಗಾಳಿಗೆ ಬೆದರಿದಂತೆ ಮರಳಿನ ಮೇಲೆಯೇ ಹಬ್ಬಿ ಹರಡಿಕೊಂಡಿದ್ದವು. ಸುತ್ತ ಒಣ ಜೊಂಡಿನ ಬೇಲಿ. ಮರಳಿನಡಿಯ ಜೇಡಿಮಣ್ಣು ಸಿಗುವ ತನಕ ಆಳಕ್ಕೆ ಅಗೆದು ಬಳ್ಳಿ ನೆಡುತ್ತಾರೆ. ಹಿಂದೆ ಅಗೆಯುವವರು, ಮರಳು ಕುಸಿದರೆ ಉಸಿರಿಗೆ ಜಾಗವಿರಲೆಂದು, ತಲೆಗೆ ಬುಟ್ಟಿ ಕವುಚಿಕೊಂಡು ಗುಂಡಿಗೆ ಇಳಿಯುತ್ತಿದ್ದರಂತೆ. ಬೇಲಿಯ ಬಳಿ ನಿಂತ ಅಕ್ಕ ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿಯಿಂದ ಜಾರಿಸಿದಳು.

ನಮಗೆ ಸಿಕ್ಕ ರಮಿಸ್ಕೊ ಅರ್ಧ ಲೀಟರಿನ ಬಾಟಲಿ. "ಕಾಲು ಲೀಟರ್ ನಷ್ಟವಾಯಿತಲ್ಲೇ" ಎಂದಳು ಅಕ್ಕ. ಹತ್ತು ವರ್ಷಕ್ಕೂ ಹಳೆಯದಾದ ಆ ಕೆಂಪು ವೈನನ್ನು ಕೈಗೆತ್ತಿಕೊಂಡ ಮೇಲೆ ಆ ಮಾತು ಮುಂದುವರಿಯಲಿಲ್ಲ. ಅವಳ ಪಾಲಿನ ಬಾಟಲಿಗೆ ಲಿಸ್ಬನ್‌ಗೆ ಮರಳಿ ಬುಸೆಲಾಸ್‌ನ ಅರಿಂಟೊ ಕೊಂಡೆವು. ಅದು ನಗರದ ಉತ್ತರಕ್ಕಿರುವ ಸಣ್ಣ ಪ್ರದೇಶದ, ಎಳೆಯ, ಹುಳಿ ಮುಂದಾದ ಬಿಳಿ ವೈನ್.

ಮೊದಲ ದಿನ, ಲಿಸ್ಬನ್

ಆಲ್ಫಾಮಾ ಗುಡ್ಡದ ಬುಡದಲ್ಲಿ, ಟೇಗಸ್ ನದಿಯ ದಂಡೆಯಲ್ಲಿ 2017ರಲ್ಲಿ ತೆರೆದ ಹಡಗು ನಿಲ್ದಾಣವಿದೆ. ಸೂಟ್‌ಕೇಸ್‌ಗಳನ್ನು ಬಾಗಿಲಲ್ಲೇ ಒಪ್ಪಿಸಿ, ಬಾಟಲಿಗಳಿದ್ದ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತೆವು. ಎಕ್ಸ್-ರೇ ಯಂತ್ರದ ಪರದೆಯ ಮೇಲೆ ಎರಡು ಬಾಟಲಿಗಳ ಆಕಾರ ಸ್ಪಷ್ಟವಾಗಿ ಮೂಡಿತು. ಸಿಬ್ಬಂದಿಯ ಹುಡುಗಿ ಎರಡನ್ನೂ ಹೊರತೆಗೆದು, ಮುಚ್ಚಳ ಒತ್ತಿ ನೋಡಿ, ಇಬ್ಬರ ಕಾರ್ಡನ್ನೂ ಪರಿಶೀಲಿಸಿ, "ಎರಡು ಜನ, ಎರಡು ಬಾಟಲಿ, ಸರಿ" ಎಂದು ಚೀಲಕ್ಕೆ ಮರಳಿ ಇಟ್ಟಳು. ಅಷ್ಟೇ. ಅರ್ಧ ನಿಮಿಷ ಹಿಡಿಯಲಿಲ್ಲ.

ನಮ್ಮ ಹಿಂದಿದ್ದ ದಂಪತಿಗೆ ಅಷ್ಟು ಸುಲಭವಾಗಲಿಲ್ಲ. ಅವರು ಬಾಟಲಿಯನ್ನು ಬಟ್ಟೆಗಳ ನಡುವೆ ಭದ್ರವಾಗಿ ಸುತ್ತಿ ಸೂಟ್‌ಕೇಸ್‌ನಲ್ಲಿ ಇಟ್ಟಿದ್ದರು. ಸಾಮಾನೂ ಎಕ್ಸ್-ರೇಗೆ ಒಳಪಡುತ್ತದೆ. ಎಲ್ಲರ ಪೆಟ್ಟಿಗೆಗಳು ಕ್ಯಾಬಿನ್ ಬಾಗಿಲಿಗೆ ಬಂದರೂ ಅವರದು ಬರಲಿಲ್ಲ. ರಾತ್ರಿ ಊಟಕ್ಕೆ ಪ್ರಯಾಣದ ಬಟ್ಟೆಯಲ್ಲೇ ಬಂದು ನಮ್ಮ ಮೇಜಿನಲ್ಲಿ ಕುಳಿತು ಬೇಸರದಿಂದ ಹೇಳಿಕೊಂಡರು. ಆಮೇಲೆ ಅವರನ್ನು ಕೆಳಗಿನ ಅಂತಸ್ತಿಗೆ ಕರೆಸಿ, ಅವರೆದುರೇ ಪೆಟ್ಟಿಗೆ ತೆರೆಸಿ, ಬಾಟಲಿಯನ್ನು ಕೊನೆಯ ದಿನದವರೆಗೆ ಇರಿಸಿಕೊಂಡರಂತೆ. ಅದೇ ಬಾಟಲಿ ಕೈಚೀಲದಲ್ಲಿದ್ದಿದ್ದರೆ ಯಾರೂ ತಡೆಯುತ್ತಿರಲಿಲ್ಲ.

ಸಂಜೆ ಹಡಗು ಏಪ್ರಿಲ್ 25ರ ಸೇತುವೆಯ ಅಡಿಯಲ್ಲಿ ಹಾಯ್ದಿತು. ಮೇಲೆ ವಾಹನಗಳ ಗುಂಯ್ ಎನ್ನುವ ಸದ್ದು, ಬಲಕ್ಕೆ ಬೆಲೇಂ ಗೋಪುರ. ಡೆಕ್ ಮೇಲೆ ಎಲ್ಲರ ಕೈಯಲ್ಲೂ ಲೋಟ. ಅರಿಂಟೊ ತೆರೆಯೋಣವೇ ಎಂದೆ. "ತಣ್ಣಗಾಗಿಲ್ಲ, ಬಿಡು" ಎಂದಳು ಅಕ್ಕ. ಕೆಂಪು ಬಾಟಲಿಯನ್ನು ಅವಳು ಕಪಾಟಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಎರಡೂ ಕಡೆ ಬೂಟುಗಳನ್ನು ಒತ್ತಿಟ್ಟಿದ್ದಳು. ಹಳೆಯ ಕೆಂಪು ವೈನಿನಲ್ಲಿ ಗಷ್ಟು ಇರುತ್ತದೆ, ಮಲಗಿಸಿದರೆ ಹಡಗಿನ ಓಲಾಟಕ್ಕೆ ಕದಡಿಬಿಡುತ್ತದೆ. ನಿಂತಿದ್ದರೆ ತಳಕ್ಕೆ ಇಳಿದು ಕೂರುತ್ತದೆ. ತೀರಾ ಹಳೆಯ ವೈನನ್ನು ಹಡಗಿಗೆ ಒಯ್ಯುವವರಿಗೆ ನಾನು ಹೇಳುವುದು ಇದೊಂದೇ: ಕುಡಿಯುವ ಮುನ್ನ ಒಂದು ದಿನವಾದರೂ ಅದು ನಿಂತಿರಲಿ.

ಎರಡನೆಯ ದಿನ, ಸಾಗರ

ಇಡೀ ದಿನ ನೀರು. ಲಿಸ್ಬನ್‌ನಿಂದ ಮಡೈರಾ ದ್ವೀಪಕ್ಕೆ ಸುಮಾರು ಸಾವಿರ ಕಿಲೋಮೀಟರ್. ಮಧ್ಯಾಹ್ನದಿಂದ ಅಲೆ ದೊಡ್ಡದಾಗಿ ಹಡಗು ಮೆಲ್ಲಗೆ ತೂಗತೊಡಗಿತು. ನಾನು ಒಂದು ಗಂಟೆಗೊಮ್ಮೆ ಕಪಾಟು ತೆರೆದು ನೋಡುತ್ತಿದ್ದೆ.

ರಾತ್ರಿ ಬಾಟಲಿಯನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಊಟಕ್ಕೆ ಇಳಿದೆವು. ಕಾರ್ಕೇಜ್ ಎಂದರೆ ಹಲವರು ಮುಖ ಸಿಂಡರಿಸುತ್ತಾರೆ, ನಮ್ಮದೇ ವೈನಿಗೆ ನಾವೇಕೆ ಹಣ ಕೊಡಬೇಕು ಎಂದು. ಆ ರಾತ್ರಿ ನಡೆದದ್ದನ್ನು ನೋಡಿದ ಮೇಲೆ ನಾನಂತೂ ಆ ಶುಲ್ಕವನ್ನು ಸಂತೋಷದಿಂದಲೇ ಕೊಟ್ಟೆ.

ವೈನ್ ಬಡಿಸುವ ಹಿರಿಯರೊಬ್ಬರು ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದರು. ತಳದಲ್ಲಿ ಕಪ್ಪು ಗೆರೆಯಂತೆ ಗಷ್ಟು ನಿಂತಿತ್ತು. ಸ್ಕ್ರೂ ಹಾಕಿ ಎರಡು ಸುತ್ತು ತಿರುವುವಷ್ಟರಲ್ಲಿ ಬಿರಡೆ ನಡುವಿಗೆ ಮುರಿಯಿತು. ಮೇಲಿನ ತುಂಡು ಕೈಗೆ ಬಂತು, ಕೆಳಗಿನದು ಕತ್ತಿನಲ್ಲೇ ಉಳಿಯಿತು. ನನ್ನ ಎದೆ ಧಸಕ್ಕೆಂದಿತು. ಅವರು ಏನೂ ಮಾತಾಡಲಿಲ್ಲ. ಜೇಬಿನಿಂದ ಎರಡು ತೆಳು ಉಕ್ಕಿನ ಅಲಗುಗಳಿದ್ದ ಸಾಧನ ತೆಗೆದರು. ಒಂದು ಅಲಗನ್ನು ಬಿರಡೆಗೂ ಗಾಜಿಗೂ ನಡುವೆ ತುಸುವೇ ಇಳಿಸಿ, ಇನ್ನೊಂದನ್ನು ಎದುರು ಬದಿಯಲ್ಲಿ ಇಳಿಸಿ, ಆಚೆಗೊಮ್ಮೆ ಈಚೆಗೊಮ್ಮೆ ಅಲುಗಿಸುತ್ತ ಎರಡನ್ನೂ ಆಳಕ್ಕೆ ಒಯ್ದರು. ಹಡಗು ತೂಗುತ್ತಿತ್ತು, ಅವರ ಮಣಿಕಟ್ಟು ಮಾತ್ರ ಅಲುಗಲಿಲ್ಲ. ಆಮೇಲೆ ತಿರುಗಿಸುತ್ತ ಮೇಲಕ್ಕೆಳೆದರು. ಬಿರಡೆಯ ಉಳಿದ ಅರ್ಧ ಇಡಿಯಾಗಿ ಬಂತು. ಅದನ್ನು ಪುಟ್ಟ ತಟ್ಟೆಯಲ್ಲಿ ಇಟ್ಟು ಅಕ್ಕನ ಮುಂದೆ ಸರಿಸಿದರು. ಬಾಟಲಿಯ ಕತ್ತಿನ ಹಿಂದೆ ದೀಪ ಹಿಡಿದು, ಗಾಜಿನ ಹೂಜಿಗೆ ಒಂದೇ ಧಾರೆಯಲ್ಲಿ ಬಗ್ಗಿಸಿ, ಕಪ್ಪು ಎಳೆ ಕತ್ತಿಗೆ ಬರುತ್ತಿದ್ದಂತೆ ನಿಲ್ಲಿಸಿದರು. ಕ್ಯಾಬಿನ್‌ನಲ್ಲಿ ನಾವೇ ತೆರೆದಿದ್ದರೆ ಬಿರಡೆಯನ್ನು ಒಳಕ್ಕೆ ತಳ್ಳಿ, ಹಲ್ಲುಜ್ಜುವ ಲೋಟದಲ್ಲಿ ಪುಡಿ ಸಮೇತ ಕುಡಿಯುತ್ತಿದ್ದೆವು.

ರಮಿಸ್ಕೊದ ಬಣ್ಣ ಗಾಢವಲ್ಲ, ಇಟ್ಟಿಗೆಯ ಕೆಂಪು. ಮೊದಲ ಗುಟುಕು ಒಗರು, ಹುಳಿ, ನಾಲಿಗೆಯ ಅಂಚಿನಲ್ಲಿ ಉಪ್ಪು. ಅರ್ಧ ಗಂಟೆ ಕಳೆದ ಮೇಲೆ ಒಗರು ಸಡಿಲಿ, ಒಣಗಿದ ಚೆರಿಯ ವಾಸನೆ ಬಂತು. "ನಿನ್ನೆ ಮೊನ್ನೆ ನೋಡಿದ ಮರಳು ಇದೇ ಏನೇ?" ಎಂದು ಅಕ್ಕ ಕೇಳಿದಳು. ಹೂಜಿಯ ತಳದ ಒಂದು ಗುಟುಕನ್ನು ಆ ಹಿರಿಯರಿಗೇ ಕೊಟ್ಟೆವು. ಈ ಹಡಗಿನಲ್ಲಿ ಈ ದ್ರಾಕ್ಷಿಯನ್ನು ತೆರೆದದ್ದು ಇದೇ ಮೊದಲು ಎಂದರು ಅವರು, ಲೋಟವನ್ನು ಮೂಗಿನ ಬಳಿ ತುಂಬ ಹೊತ್ತು ಹಿಡಿದು.

ಮೂರನೆಯ ದಿನ, ಫುಂಶಾಲ್

ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬೆಟ್ಟ. ಫುಂಶಾಲ್ ಮಡೈರಾದ ಬಂದರು ಊರು. ಮಡೈರಾ ಎಂದರೆ ಪೋರ್ಚುಗೀಸಿನಲ್ಲಿ ಮರ. ಕಾಡು ಕವಿದಿದ್ದ ದ್ವೀಪಕ್ಕೆ ಬಂದವರು ಇಟ್ಟ ಹೆಸರು. ಈಗ ಬೆಟ್ಟದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದ ತೋಟಗಳು.

ಹಡಗಿಗೂ ವೈನಿಗೂ ಇರುವ ನಂಟನ್ನು ತಿಳಿಯಬೇಕಾದರೆ ಇದಕ್ಕಿಂತ ತಕ್ಕ ಬಂದರು ಇನ್ನೊಂದಿಲ್ಲ. ಅಟ್ಲಾಂಟಿಕ್ ದಾಟುವ ಹಡಗುಗಳು ಇಲ್ಲಿ ನೀರು, ಆಹಾರದ ಜೊತೆ ವೈನ್ ಪೀಪಾಯಿಗಳನ್ನೂ ತುಂಬಿಕೊಳ್ಳುತ್ತಿದ್ದವು. ದೂರದ ಪಯಣದಲ್ಲಿ ಕೆಡದಿರಲೆಂದು ಅದಕ್ಕೆ ದ್ರಾಕ್ಷಿಯ ಮದ್ಯಸಾರ ಬೆರೆಸುವುದು ರೂಢಿಯಾಯಿತು. ಉಷ್ಣವಲಯದ ಬಿಸಿಯಲ್ಲಿ, ಹಡಗಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಂದು, ಮಾರಾಟವಾಗದೆ ಮರಳಿ ಬಂದ ಪೀಪಾಯಿಯನ್ನು ತೆರೆದರೆ ವೈನ್ ಕೆಟ್ಟಿರಲಿಲ್ಲ, ಹೋದಾಗಿನದಕ್ಕಿಂತ ರುಚಿಯಾಗಿತ್ತು. ಆಮೇಲೆ ಬೇಕೆಂದೇ ಪೀಪಾಯಿಗಳನ್ನು ಹಡಗಿನಲ್ಲಿ ಸುತ್ತಾಡಿಸಿ ತರಿಸತೊಡಗಿದರು. ಅದಕ್ಕೆ 'ವಿನ್ಯೂ ದ ರೋದ' ಎಂಬ ಹೆಸರೇ ಬಿತ್ತು, ಸುತ್ತಿ ಬಂದ ವೈನ್ ಎಂದು.

ಈಗ ಹಡಗು ಬೇಕಿಲ್ಲ. ಸಾಧಾರಣ ವೈನನ್ನು ಬಿಸಿ ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಮೂರು ತಿಂಗಳು ಇಡುತ್ತಾರೆ. ಉತ್ತಮವಾದದ್ದನ್ನು ಪೀಪಾಯಿಗಳಲ್ಲಿ ತುಂಬಿ, ಬಿಸಿಲು ಕಾಯುವ ಮಾಳಿಗೆಗಳಲ್ಲಿ ವರ್ಷಗಟ್ಟಲೆ ಬಿಡುತ್ತಾರೆ. ಅಂಥ ಒಂದು ಮಾಳಿಗೆಗೆ ಹತ್ತಿದೆವು. ತೊಲೆಗಳ ಮೇಲೆ ಸಾಲು ಸಾಲು ಪೀಪಾಯಿ, ತಗ್ಗಿದ ಹಂಚಿನ ಮಾಡು, ಬಾಗಿಲು ದಾಟುತ್ತಲೇ ಮುಖಕ್ಕೆ ಬಡಿಯುವ ಸೆಕೆ. ಮರ, ಸುಟ್ಟ ಸಕ್ಕರೆ, ಒಣಹಣ್ಣು ಎಲ್ಲ ಬೆರೆತ ವಾಸನೆ ಬಟ್ಟೆಗೆ ಅಂಟಿಕೊಂಡು ಸಂಜೆಯವರೆಗೂ ಹೋಗಲಿಲ್ಲ.

ಕೆಳಗೆ ನಾಲ್ಕು ಬಗೆಯ ಮಡೈರಾ ವೈನಿನ ಲೋಟ ಇಟ್ಟರು: ಸೆರ್ಸಿಯಲ್, ವೆರ್ದೆಲ್ಯೂ, ಬೋಲ್, ಮಾಲ್ಮ್ಸಿ. ಇದೇ ಕ್ರಮದಲ್ಲಿ ಸಿಹಿ ಏರುತ್ತ ಹೋಗುತ್ತದೆ. ಎಷ್ಟೇ ಸಿಹಿಯಿದ್ದರೂ ಕೊನೆಯಲ್ಲಿ ಹುಳಿ ಬಂದು ಬಾಯಿ ತೊಳೆಯುತ್ತದೆ. ಮಾತಿನ ನಡುವೆ ಅಲ್ಲಿನವರು 1768ರ ಕಥೆ ಹೇಳಿದರು. ಮಡೈರಾ ವೈನ್ ಹೊತ್ತು ಬಾಸ್ಟನ್‌ಗೆ ಹೋಗಿದ್ದ, ಅಲ್ಲಿನ ವ್ಯಾಪಾರಿ ಜಾನ್ ಹ್ಯಾಂಕಾಕ್‌ನ 'ಲಿಬರ್ಟಿ' ಹಡಗನ್ನು, ಸುಂಕ ತಪ್ಪಿಸಿ ವೈನ್ ಇಳಿಸಿದ ಆರೋಪದ ಮೇಲೆ ಬ್ರಿಟಿಷ್ ಅಧಿಕಾರಿಗಳು ವಶಪಡಿಸಿಕೊಂಡರು, ಊರಿನಲ್ಲಿ ಗಲಭೆಯೇ ಎದ್ದಿತು. ಎಂಟು ವರ್ಷದ ಬಳಿಕ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಮೊದಲ ಸಹಿ ಹಾಕಿದವನು ಅದೇ ಹ್ಯಾಂಕಾಕ್.

ಅಕ್ಕ ಹತ್ತು ವರ್ಷದ ಬೋಲ್ ಆರಿಸಿದಳು. ಹಡಗಿನ ಏಣಿ ಹತ್ತುತ್ತಲೇ ಅದನ್ನು ಪಡೆದುಕೊಳ್ಳುತ್ತಾರೆ ಎಂದು ಗೊತ್ತಿತ್ತು. ಎಕ್ಸ್-ರೇ ದಾಟಿದ ಕೂಡಲೇ ನಾವೇ ಮೇಜಿನ ಬಳಿ ಹೋಗಿ ಬಾಟಲಿ ಇಟ್ಟೆವು. ಕ್ಯಾಬಿನ್ ಸಂಖ್ಯೆ ಬರೆದ ಹಳದಿ ಚೀಟಿಯನ್ನು ಬಾಟಲಿಯ ಹೊಟ್ಟೆಗೆ ಅಂಟಿಸಿ, ಅದರ ರಸೀದಿ ನಮಗೆ ಕೊಟ್ಟರು. ಪಕ್ಕದಲ್ಲಿ ಒಬ್ಬರು ಶಾಂಪೂ ಬಾಟಲಿಗೆ ಮದ್ಯ ತುಂಬಿಕೊಂಡು ಬರುವ ಉಪಾಯವನ್ನು ಗೆಳೆಯರಿಗೆ ವಿವರಿಸುತ್ತಿದ್ದರು. ನನಗೆ ಅದು ಎಳ್ಳಷ್ಟೂ ಹಿಡಿಸುವುದಿಲ್ಲ. ವರ್ಷಗಳ ಕಾಲ ಮಾಳಿಗೆಯಲ್ಲಿ ಕಾದು ಪಕ್ವವಾದದ್ದನ್ನು ಸೋಪಿನ ವಾಸನೆಯ ಪ್ಲಾಸ್ಟಿಕ್‌ಗೆ ಸುರಿಯಲು ಮನಸ್ಸಾದರೂ ಹೇಗೆ ಬರುತ್ತದೆ?

"ನಮ್ಮದೂ ಹಡಗಿನ ಹೊಟ್ಟೆಯಲ್ಲಿ ಸುತ್ತಿ ಬರುತ್ತದೆ ಬಿಡು" ಎಂದಳು ಅಕ್ಕ, ರಸೀದಿ ಮಡಚಿ ಪರ್ಸಿಗೆ ಸೇರಿಸುತ್ತ.

ನಾಲ್ಕನೆಯ ದಿನ, ಟೆನೆರೀಫ್

ಮಳೆ. ಸ್ಪೇನಿನ ಕೆನರಿ ದ್ವೀಪಗಳಲ್ಲಿ ಒಂದಾದ ಇಲ್ಲಿನ 3,715 ಮೀಟರ್ ಎತ್ತರದ ಟೈಡೆ ಪರ್ವತ ಮೋಡದಿಂದ ಹೊರಬರಲೇ ಇಲ್ಲ. ಸಾಂತಾ ಕ್ರುಸ್‌ನಲ್ಲಿ ಕಾಫಿ ಕುಡಿದು ಮರಳಿದೆವು.

ಐದನೆಯ ದಿನ, ಲಾನ್ಸರೋಟೆ

ಕಪ್ಪು ನೆಲ ನೋಡಿದ್ದೇನೆ, ಇಷ್ಟು ಕಪ್ಪನ್ನು ನೋಡಿರಲಿಲ್ಲ. 1730ರಿಂದ 1736ರವರೆಗೆ ಆರು ವರ್ಷ ಈ ದ್ವೀಪದ ಜ್ವಾಲಾಮುಖಿಗಳು ಉಗುಳಿದ ಲಾವಾ ಮತ್ತು ಬೂದಿ ಊರುಗಳನ್ನೂ ಒಳ್ಳೆಯ ಹೊಲಗಳನ್ನೂ ಮುಚ್ಚಿಹಾಕಿತು. ಉಳಿದ ರೈತರು ಆ ಬೂದಿಯನ್ನೇ ತೋಡಿ, ಅಡಿಯ ಹಳೆಯ ಮಣ್ಣು ಸಿಕ್ಕಲ್ಲಿ ಬಳ್ಳಿ ನೆಟ್ಟರು.

ಲಾ ಹೇರಿಯಾ ಎಂಬಲ್ಲಿ ಬಸ್ಸು ನಿಂತಾಗ ಕಂಡದ್ದು ಬೆಟ್ಟದ ಇಳಿಜಾರಿನ ತುಂಬ ಸಾವಿರಾರು ಬಟ್ಟಲುಗಳು. ಒಂದೊಂದು ಗುಂಡಿಯ ಅಂಚಿನಲ್ಲಿ, ಗಾಳಿ ಬೀಸುವ ಕಡೆಗೆ, ಅರ್ಧಚಂದ್ರದಂತೆ ಒಣ ಕಲ್ಲಿನ ಗೋಡೆ. ಗುಂಡಿಯ ನಡುವೆ ಹಸಿರು ಬಳ್ಳಿ, ಹೆಚ್ಚಾಗಿ ಒಂದೇ ಒಂದು. ವರ್ಷಕ್ಕೆ 150 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಾಡು ಇದು. ಹರಳು ಹರಳಾದ ಕಪ್ಪು ಬೂದಿ ರಾತ್ರಿಯ ತೇವವನ್ನು ಹೀರಿ ಕೆಳಕ್ಕೆ ಇಳಿಸುತ್ತದೆ, ಹಗಲಿನಲ್ಲಿ ಮಣ್ಣಿನ ಪಸೆ ಆರದಂತೆ ಹೊದಿಕೆಯಾಗುತ್ತದೆ. ಬಾಗಿ ಬೂದಿಯೊಳಗೆ ಬೆರಳು ತೂರಿಸಿದೆ. ಮೇಲ್ಪದರ ಬಿಸಿ, ಒಂದು ಗೇಣು ಕೆಳಗೆ ತಂಪು. ಇಂಥ ಗುಂಡಿಗಳ ಒಳಗೆ ಯಂತ್ರ ಇಳಿಯುವುದಿಲ್ಲ, ಕೊಯ್ಲೆಲ್ಲ ಕೈಯಿಂದಲೇ.

ಇಲ್ಲಿನ ಮಾಲ್ವಸಿಯಾ ವೊಲ್ಕಾನಿಕಾ ದ್ರಾಕ್ಷಿಯ ಬಿಳಿ ವೈನನ್ನು ತೋಟದ ಬಳಿಯೇ ಒಂದೊಂದು ಲೋಟ ಕುಡಿದೆವು. ಕೊಳ್ಳಲಿಲ್ಲ. ಬಂದರಿನಲ್ಲಿ ಕೊಂಡದ್ದನ್ನು ಹಡಗಿನಲ್ಲಿ ಕುಡಿಯಲಾಗುವುದಿಲ್ಲ ಎಂದ ಮೇಲೆ, ಆ ತೋಟದ ವೈನನ್ನು ಆ ತೋಟದ ಎದುರೇ ಕುಡಿಯುವುದು ಮೇಲು ಎಂದು ನಮಗೆ ತೋರಿತು.

ಆರನೆಯ ದಿನ, ಮತ್ತೆ ಸಾಗರ

ಅರಿಂಟೊಗೆ ಇದೇ ದಿನ ಎಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಕ್ಯಾಬಿನ್‌ನ ಪುಟ್ಟ ಫ್ರಿಜ್ ನೀರನ್ನೇ ಸರಿಯಾಗಿ ತಂಪು ಮಾಡುವುದಿಲ್ಲ. ಕ್ಯಾಬಿನ್ ನೋಡಿಕೊಳ್ಳುವ ಹುಡುಗನನ್ನು ಕೇಳಿದಾಗ ಬಕೆಟ್ ತುಂಬ ಐಸ್, ಎರಡು ಕಾಲಿನ ಲೋಟ, ಬಿರಡೆ ತೆಗೆಯುವ ಸ್ಕ್ರೂ ಎಲ್ಲವನ್ನೂ ತಂದಿಟ್ಟ. ಐಸಿಗೆ ಒಂದಿಷ್ಟು ನೀರು ಸುರಿದರೆ ಬಾಟಲಿ ಬೇಗ ತಣಿಯುತ್ತದೆ. ಬರಿಯ ಐಸ್ ತುಂಡುಗಳು ಗಾಜನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ.

ಬಾಲ್ಕನಿಯಲ್ಲಿ ಕಾಲು ಚಾಚಿ ಕುಳಿತೆವು. ನಿಂಬೆಯ ಸಿಪ್ಪೆಯಂತಹ ಹುಳಿ, ಅದರ ಹಿಂದೆ ತುಟಿಗೆ ಗಾಳಿ ತಂದು ಹಚ್ಚಿದ ಉಪ್ಪು. ಅಕ್ಕ ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಹೇಳಿರದ ಎಷ್ಟೋ ಮಾತುಗಳನ್ನು ಆ ಸಂಜೆ ಆಡಿದಳು. ಅವು ಇಲ್ಲಿಗೆ ಬೇಡ.

ಏಳನೆಯ ದಿನ, ಕಾದಿಸ್

ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರು ಕಟ್ಟಿದ, ಸ್ಪೇನಿನ ಊರು. 1587ರಲ್ಲಿ ಇಂಗ್ಲೆಂಡಿನ ನಾವಿಕ ಫ್ರಾನ್ಸಿಸ್ ಡ್ರೇಕ್ ಇದೇ ಬಂದರಿಗೆ ನುಗ್ಗಿ ಸ್ಪೇನಿನ ಹಡಗುಗಳನ್ನು ಸುಟ್ಟು, ಹೋಗುವಾಗ ಶೆರ್ರಿ ವೈನಿನ ಸಾವಿರಾರು ಪೀಪಾಯಿಗಳನ್ನೂ ಒಯ್ದನಂತೆ. ಶೆರ್ರಿಯ ತವರು ಹೆರೆಸ್ ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿನ ದಾಸ್ತಾನು ಮನೆಯೊಂದರಲ್ಲಿ, ಒಳಗೇನಿದೆ ಎಂದು ಕಾಣಲು ಒಂದು ಪೀಪಾಯಿಯ ಮುಖಕ್ಕೆ ಗಾಜು ಕೂರಿಸಿದ್ದರು. ವೈನಿನ ಮೇಲೆ ಹಾಲಿನ ಕೆನೆಯಂತೆ ಬಿಳಿ ಪದರ. ಅದು ಯೀಸ್ಟ್. ವೈನಿಗೆ ಗಾಳಿ ತಾಗದಂತೆ ಕಾಪಾಡುವುದೂ, ಫಿನೊ ಎಂಬ ಬಗೆಯ ಶೆರ್ರಿಗೆ ಅದರ ರುಚಿ ಕೊಡುವುದೂ ಆ ಪದರವೇ. ಸಮಯ ಸಾಲದೆ ಓಡೋಡಿ ಬಂದು ಹಡಗು ಸೇರಿದೆವು.

ಸಂಜೆ ಬಾಟಲಿ ಹಿಂತಿರುಗಿಸುವ ಹೊತ್ತು. ಕೆಳ ಅಂತಸ್ತಿನ ಕೋಣೆಯ ಮುಂದೆ ಉದ್ದ ಸಾಲು, ಎಲ್ಲರ ಕೈಯಲ್ಲೂ ರಸೀದಿ. ಮೊದಲ ದಿನ ಸೂಟ್‌ಕೇಸ್ ಬಾರದೆ ಬೇಸರಪಟ್ಟಿದ್ದ ದಂಪತಿಯೂ ಇದ್ದರು. ಅವರ ಬಾಟಲಿ ಹಾಗೆಯೇ ಮುಚ್ಚಿದ ಮುಚ್ಚಳದೊಂದಿಗೆ ಮರಳಿ ಬಂತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅದೇ ರಾತ್ರಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಬೇಕು, ಮತ್ತೆ ಅವು ಕೈಗೆ ಸಿಗುವುದು ನಿಲ್ದಾಣದಲ್ಲಿ. ಕೈಚೀಲದಲ್ಲಿ ಉಳಿದ ಬಾಟಲಿಯನ್ನು ವಿಮಾನದೊಳಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಲವು ವಿಮಾನ ನಿಲ್ದಾಣಗಳಲ್ಲಿ ದ್ರವಕ್ಕೆ 100 ಮಿಲಿಲೀಟರ್ ಮಿತಿ. ಬಾಟಲಿಯನ್ನು ನಿಲ್ದಾಣದಲ್ಲಿ ಒಳಗಿಡಲೆಂದು ನಾವು ಸೂಟ್‌ಕೇಸ್‌ನ ನಡುವೆ ಒಂದು ಬಾಟಲಿಯ ಜಾಗ ಖಾಲಿ ಬಿಟ್ಟು, ಉಣ್ಣೆಯ ಸ್ವೆಟರನ್ನು ಎಲ್ಲದರ ಮೇಲಿಟ್ಟು ಮುಚ್ಚಿದೆವು.

ಎಂಟನೆಯ ದಿನ, ಲಿಸ್ಬನ್

ಬೆಳಿಗ್ಗೆ ಏಳಕ್ಕೆ ಹಡಗು ಅದೇ ಕಟ್ಟೆಗೆ ತಾಗಿತು. ನಿಲ್ದಾಣದ ಕಿಟಕಿಯ ಪಕ್ಕ ನೆಲದ ಮೇಲೆ ಸೂಟ್‌ಕೇಸ್ ತೆರೆದು ಅಕ್ಕ ಮಂಡಿಯೂರಿ ಕುಳಿತಳು. ಬೋಲ್ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತೇಗದ ಬಣ್ಣ ಹೊಳೆಯಿತು. ಹಳದಿ ಚೀಟಿ ಇನ್ನೂ ಅಂಟಿಕೊಂಡಿತ್ತು, ಅದರ ಮೇಲೆ ಪೆನ್ನಿನಲ್ಲಿ ಬರೆದ ನಮ್ಮ ಕ್ಯಾಬಿನ್ ಸಂಖ್ಯೆ. ನಾನು ಉಗುರಿನಿಂದ ಅದರ ಮೂಲೆ ಎಬ್ಬಿಸಲು ಹೋದೆ.

"ಬೇಡ, ಇರಲಿ" ಎಂದು ನನ್ನ ಕೈ ಸರಿಸಿ, ಚೀಟಿ ಒಳಗಾಗುವಂತೆ ಸ್ವೆಟರಿನ ತೋಳನ್ನು ಎರಡು ಸುತ್ತು ಸುತ್ತಿ, ರಮಿಸ್ಕೊದ ಮುರಿದ ಬಿರಡೆಯ ಎರಡು ತುಂಡುಗಳನ್ನು ಪರ್ಸಿನಿಂದ ತೆಗೆದು ಅದರ ಪಕ್ಕದಲ್ಲಿ ಇಟ್ಟಳು.